ವೃದ್ಧಾಶ್ರಮದ ಹೊಸ್ತಿಲಲ್ಲಿ ಹಕ್ಕನ್ನು ಕಳಚಿಡಬೇಕೇ?

ತಂದೆ-ತಾಯಿಯ ಸೇವೆಯ ಕುರಿತು ನಮ್ಮಲ್ಲಿ ಪ್ರವಚನಗಳಿಗೆ ಕೊರತೆಯಿಲ್ಲ. ಹೆತ್ತವರೆದುರು 'ಛೆ' ಎನ್ನುವುದನ್ನೂ ನಿಷೇಧಿಸಿದ ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯವನ್ನು ಉಲ್ಲೇಖಿಸದ ಖತೀಬರು ವಿರಳ. ಆದರೆ ಈ ಪ್ರವಚನಗಳೆಲ್ಲ ವೃದ್ಧಾಶ್ರಮದ ಹೊಸ್ತಿಲವರೆಗೆ ಹೋಗಿ ನಿಂತುಬಿಡುತ್ತವೆ. ತಾಯಿಯನ್ನು ಅಲ್ಲಿ ಬಿಟ್ಟುಬಂದ ಮಗನನ್ನು ಶಪಿಸಿದರೆ ನಮ್ಮ ಹೊಣೆ ಮುಗಿಯಿತು. ಒಳಗೆ ಆ ತಾಯಿಯ ಗತಿಯೇನು? ಆಕೆಯ ಪಿಂಚಣಿಯ ಹಣ ಯಾರ ಕೈ ಸೇರುತ್ತಿದೆ? ಅನ್ನ ಹಳಸಿದ್ದರೆ ಆಕೆ ಯಾರಲ್ಲಿ ದೂರಬೇಕು? ದೂರಿದ ತಪ್ಪಿಗೆ ಹೊರಹಾಕಿದರೆ ಕೇಳುವವರಾರು?

ಕಾನೂನು ಇಲ್ಲವೆಂದಲ್ಲ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲೇ ಬಂದಿದೆ. ಅದರಂತೆ ಹೆತ್ತವರು ಮಕ್ಕಳಿಂದ ಜೀವನಾಂಶ ಕೇಳಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಅರ್ಜಿಯನ್ನು ಆಲಿಸುತ್ತದೆ. ಹಿರಿಯರನ್ನು ತ್ಯಜಿಸಿಹೋದವರಿಗೆ 3 ತಿಂಗಳವರೆಗೆ ಸೆರೆವಾಸ ವಿಧಿಸಲೂ ಅವಕಾಶವಿದೆ. ಆಶ್ರಮದಲ್ಲಿರುವವರಿಗೂ ಈ ಹಕ್ಕುಗಳು ಅನ್ವಯಿಸುತ್ತವೆ. ಹಣ ಪಡೆದು ನಡೆಸುವ ಆಶ್ರಮ ಸೇವೆಯಲ್ಲಿ ಲೋಪವೆಸಗಿದರೆ ಗ್ರಾಹಕ ಆಯೋಗದ ಬಾಗಿಲನ್ನೂ ತಟ್ಟಬಹುದು. ಘನತೆ, ವಸತಿ ಮತ್ತು ಆರೋಗ್ಯ ವೃದ್ಧರ ಸಾಂವಿಧಾನಿಕ ಹಕ್ಕುಗಳೆಂದು ಸುಪ್ರೀಮ್ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ.

ಆದರೆ ಈ ಕಾಯ್ದೆಯ ಕಣ್ಣು ಮುಖ್ಯವಾಗಿ ಮಗನ ಮೇಲಿದೆಯೇ ಹೊರತು ಆಶ್ರಮದ ಒಡೆಯನ ಮೇಲಿಲ್ಲ. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವ ಒಂದು ಆಶ್ರಮದ ಮಾತನ್ನು ಅದರ 19ನೇ ಕಲಮು ಆಡುತ್ತದೆ. ಆದರೆ ಸರಕಾರ ಅದನ್ನು 'ಸ್ಥಾಪಿಸಬಹುದು' ಎನ್ನುತ್ತದೆ, 'ಸ್ಥಾಪಿಸತಕ್ಕದ್ದು' ಎನ್ನುವುದಿಲ್ಲ. ಈ ಒಂದು ಪದದ ಮರೆಯಲ್ಲಿ ಸರಕಾರಗಳು ಹಾಯಾಗಿ ನಿದ್ರಿಸಬಹುದು. ಆರೈಕೆ ಕೇಂದ್ರಗಳ ನೋಂದಣಿಯನ್ನೂ ಕನಿಷ್ಠ ಗುಣಮಟ್ಟವನ್ನೂ ಕಡ್ಡಾಯಗೊಳಿಸುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅಂಗೀಕಾರವಾಗದೆಯೇ 2024ರಲ್ಲಿ ಆ ಸದನದ ಜೊತೆ ಅದೂ ಕೊನೆಯುಸಿರೆಳೆಯಿತು. ಮತಪೆಟ್ಟಿಗೆಯ ಬಳಿಗೆ ವೃದ್ಧರನ್ನು ಹೊತ್ತು ತರುವವರಿಗೆ ಐದು ವರ್ಷಗಳಲ್ಲಿ ಈ ಮಸೂದೆಗೊಂದು ದಿನ ಸಿಗಲಿಲ್ಲ!

ಹೆತ್ತವರನ್ನು ಕಡೆಗಣಿಸುವ ನಾಡೆಂದು ನಾವು ಹೀಯಾಳಿಸುವ ಅಮೆರಿಕ, ಸರಕಾರಿ ಹಣ ಪಡೆಯುವ ಶುಶ್ರೂಷಾಲಯಗಳ ನಿವಾಸಿಗಳ ಹಕ್ಕುಗಳನ್ನು 1987ರಲ್ಲೇ ಶಾಸನದಲ್ಲಿ ಬರೆದಿಟ್ಟಿತು. ಸಿಬ್ಬಂದಿಯ ಅನುಕೂಲಕ್ಕಾಗಿ ಅವರನ್ನು ಕಟ್ಟಿಹಾಕುವಂತಿಲ್ಲ. ದೂರಿತ್ತವರ ಮೇಲೆ ಸೇಡು ತೀರಿಸುವಂತಿಲ್ಲ. ಸಕಾರಣ ಮತ್ತು ಮುನ್ಸೂಚನೆಯಿಲ್ಲದೆ ಹೊರದಬ್ಬುವಂತಿಲ್ಲ. ಅಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಆದರೆ ಅನ್ಯಾಯವಾದಾಗ ಬೊಟ್ಟುಮಾಡಲು ಅಲ್ಲೊಂದು ಕಲಮು ಇದೆ.

ಇನ್ನು ನಮ್ಮ ಸಮುದಾಯದ ಮಾತು. 'ನಮ್ಮವರು ವೃದ್ಧಾಶ್ರಮಕ್ಕೆ ಹೋಗುವುದಿಲ್ಲ' ಎಂಬ ಹುಸಿ ಅಭಿಮಾನವನ್ನು ಮೊದಲು ಬಿಡಬೇಕು. ಮಕ್ಕಳಿಲ್ಲದವರು, ವಿಧವೆಯರು, ಮಕ್ಕಳೆಲ್ಲ ಗಲ್ಫಿನಲ್ಲಿರುವವರು ಎಲ್ಲಿಗೆ ಹೋಗಬೇಕು? ರಮಝಾನಿನಲ್ಲಿ ಹಣ್ಣಿನ ಬುಟ್ಟಿಯೊಂದಿಗೆ ಆಶ್ರಮಕ್ಕೆ ಹೋಗಿ, ಅಜ್ಜಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬರುವುದು ಸೇವೆಯಲ್ಲ. ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯನ್ನು ಕಂಡ ಖಲೀಫಾ ಉಮರ್(ರ)ರವರು ಕೈಗೆರಡು ನಾಣ್ಯವಿತ್ತು ಸುಮ್ಮನಾಗಲಿಲ್ಲ. ಆತನನ್ನು ಜಿಝ್ಯಾದಿಂದ ಮುಕ್ತಗೊಳಿಸಿ, ಬೈತುಲ್‌ಮಾಲ್‌ನಿಂದ ನೆರವು ನಿಗದಿಪಡಿಸಿದರೆಂದು ಇಮಾಮ್ ಅಬೂ ಯೂಸುಫ್ 'ಕಿತಾಬುಲ್ ಖರಾಜ್'ನಲ್ಲಿ ದಾಖಲಿಸಿದ್ದಾರೆ. ಅದು ಭಿಕ್ಷೆಯಲ್ಲ, ಬೊಕ್ಕಸದ ಮೇಲೆ ವೃದ್ಧನಿಗಿರುವ ಹಕ್ಕು. ಆತನ ಧರ್ಮ ಅದಕ್ಕೆ ಅಡ್ಡಿಯಾಗಲಿಲ್ಲ.

ಆದ್ದರಿಂದ ಮಸೀದಿ ಸಮಿತಿಗಳೂ ಯುವ ಸಂಘಟನೆಗಳೂ ತಮ್ಮೂರಿನ ಆಶ್ರಮಗಳಿಗೆ ಬರಿಗೈಯಲ್ಲಾದರೂ ಹೋಗಲಿ. ಧರ್ಮ ಕೇಳದೆ ವೃದ್ಧರ ಅಹವಾಲನ್ನು ಆಲಿಸಲಿ. ಅವರ ಒಪ್ಪಿಗೆಯೊಂದಿಗೆ ಸಂಘಸಂಸ್ಥೆಗಳೂ ಜೀವನಾಂಶದ ಅರ್ಜಿ ಸಲ್ಲಿಸಲು ಕಾಯ್ದೆಯಲ್ಲಿ ಅವಕಾಶವಿದೆ, ಅದನ್ನು ಬಳಸಲಿ. 14567 ಎಂಬ ಹಿರಿಯರ ಸಹಾಯವಾಣಿಯ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆಯಲಿ. ಮತ ಕೇಳಲು ಬರುವವರ ಮುಂದೆ ಆ ಸತ್ತ ಮಸೂದೆಯ ಪ್ರಶ್ನೆಯನ್ನಿಡಲಿ.

ಇಂದು ನಾವು ಯಾರ ಪರವಾಗಿ ಮಾತಾಡಲು ಹಿಂಜರಿಯುತ್ತೇವೋ, ನಾಳೆ ಅವರದೇ ಮಂಚದಲ್ಲಿ ನಾವಿರಲಾರೆವು ಎಂದು ಯಾರು ಭರವಸೆ ಕೊಡಬಲ್ಲರು?