ವಿಳಾಸವಿಲ್ಲದ ಹಕ್ಕಿ

‘ಲೊಕೇಶನ್ ಕಳ್ಸಿ’ ಅಂತ ದಿನಕ್ಕೆ ಹತ್ತು ಸಲ ಕೇಳೋ ಕಾಲ ಇದು. ಆದ್ರೆ ಗೋಲ್ಡನ್ ಫ್ರಂಟೆಡ್ ಬೋವರ್‌ಬರ್ಡ್ ಅನ್ನೋ ಹಕ್ಕಿಗೆ ಎಂಬತ್ತಕ್ಕೂ ಹೆಚ್ಚು ವರ್ಷ ವಿಳಾಸವೇ ಇರಲಿಲ್ಲ.

1895ರಲ್ಲಿ ಇಂಗ್ಲೆಂಡಿನ ವಾಲ್ಟರ್ ರಾಥ್ಸ್‌ಚೈಲ್ಡ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಾಗ ಅವರ ಮುಂದಿದ್ದದ್ದು ಗರಿ ವ್ಯಾಪಾರದಲ್ಲಿ ಬಂದ ಒಣಗಿದ ಚರ್ಮಗಳಷ್ಟೇ. ಯುರೋಪಿನ ಹೆಂಗಸರ ಟೋಪಿಗಳಿಗೆ ನ್ಯೂಗಿನಿಯ ಹಕ್ಕಿಗಳ ಗರಿ ಬೇಕಿದ್ದ ಕಾಲ ಅದು. ಎಲ್ಲಿ ಹಿಡಿದದ್ದು ಅನ್ನೋ ವಿವರ ಮಾತ್ರ ಜೊತೆಗೆ ಬರಲಿಲ್ಲ. ಮಾರೋವರಿಗೆ ಅದ್ಯಾಕೆ ಬೇಕು!

1981ರಲ್ಲಿ ಜೇರೆಡ್ ಡೈಮಂಡ್ ಅದನ್ನು ಕಂಡಿದ್ದು ನ್ಯೂಗಿನಿಯ ಇಂಡೋನೇಷ್ಯಾ ಭಾಗದ ಫೋಜಾ ಬೆಟ್ಟಗಳಲ್ಲಿ. ಗಂಡು ಹಕ್ಕಿ ಎಳೆಮರದ ಸುತ್ತ ಕಡ್ಡಿ ಪೇರಿಸಿ ಗೋಪುರ ಕಟ್ಟುತ್ತೆ. ಹಣ್ಣುಗಳನ್ನು ಬಣ್ಣದ ಪ್ರಕಾರ ಗುಡ್ಡೆ ಹಾಕುತ್ತೆ. ಹೆಣ್ಣು ಬಂದಾಗ ಕೊಕ್ಕಲ್ಲಿ ನೀಲಿ ಹಣ್ಣು ಹಿಡಿದು, ಹೊಂಬಣ್ಣದ ಜುಟ್ಟು ತೋರಿಸುತ್ತೆ. ಇಷ್ಟೆಲ್ಲ ಕಟ್ಟೋದು ಒಲಿಸೋಕೆ ಮಾತ್ರ. ಮೊಟ್ಟೆಯಿಡೋ ಗೂಡು ಬೇರೆ, ಅದು ಪೂರ್ತಿ ಹೆಣ್ಣಿನ ಕೆಲಸ. (ಗೊತ್ತಿರೋ ಕತೆ ಅಂತೀರಾ?)

ಇಂದಿಗೂ ಇದು ಅಳಿವಿನಂಚಿನ ಪಟ್ಟಿಯಲ್ಲಿಲ್ಲ. ಜನ ಅಲ್ಲಿಗೆ ಹೋಗಲಾಗದ್ದೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ. 2005ರಲ್ಲಿ ಇದರ ಮೊದಲ ಫೋಟೋ ತೆಗೆದ ತಂಡ ಬೆಟ್ಟದ ಮೇಲೆ ಇಳಿದದ್ದು ಹೆಲಿಕಾಪ್ಟರಿನಲ್ಲಿ.