‘ನೂರು ವರ್ಷ ಹಿಂದಿನ ಅಸಲಿ ದನಿ’ ಫಾರ್ವರ್ಡ್: ರೀಮಾಸ್ಟರ್ ಮಾಡಿದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ?

‘ಜಗತ್ತಿನಲ್ಲಿ ಮೊಟ್ಟಮೊದಲು ರೆಕಾರ್ಡ್ ಆಗಿದ್ದು ಋಗ್ವೇದದ ಶ್ಲೋಕ, ಹೇಳಿದ್ದು ಮ್ಯಾಕ್ಸ್ ಮುಲ್ಲರ್’ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. 1893ರ ಷಿಕಾಗೋ ಸಭೆಯಲ್ಲಿ ಸ್ವಾಮಿ ವಿವೇಕಾನಂದರು ಮಾಡಿದ ಭಾಷಣದ ‘ರೀಮಾಸ್ಟರ್ ಮಾಡಿದ ಅಸಲಿ ಆಡಿಯೋ’ ಕೂಡ ಹೀಗೇ ಓಡಾಡುತ್ತಿದೆ. ಎರಡೂ ನಿಜವಲ್ಲ. 1877ರಲ್ಲಿ ಎಡಿಸನ್ ತನ್ನ ಫೋನೋಗ್ರಾಫ್ ಪರೀಕ್ಷಿಸಲು ತಾನೇ ಹೇಳಿದ್ದು ಇಂಗ್ಲಿಷಿನ ಒಂದು ಶಿಶುಗೀತೆ. ಷಿಕಾಗೋ ಭಾಷಣವಂತೂ ಧ್ವನಿಮುದ್ರಣವಾಗಿಯೇ ಇಲ್ಲ. ನಾವು ಕೇಳುತ್ತಿರುವುದು ಎಷ್ಟೋ ವರ್ಷಗಳ ನಂತರ ಬೇರೊಬ್ಬರು ಓದಿದ್ದು. ಶೃಂಗೇರಿಯಲ್ಲಿ ವೇದಪಾಠ ಇಂದಿಗೂ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಸಾಗುತ್ತಿದೆ. ಅದಕ್ಕೆ ಎಡಿಸನ್ ಸಾಹೇಬರ ಸರ್ಟಿಫಿಕೇಟ್ ಬೇಕಾಗಿಯೂ ಇಲ್ಲ.

ಹಾಗಾದರೆ ನಿಜವಾದ ಹಳೆಯ ದನಿ ಹೇಗಿರುತ್ತದೆ? ನಮ್ಮ ರಾಜ್ಯದ ನಂಟಿರುವ ಒಬ್ಬರನ್ನೇ ನೋಡೋಣ. ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದವರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅದಕ್ಕೂ ಎಷ್ಟೋ ಮೊದಲು, 1902ರ ನವೆಂಬರಿನಲ್ಲಿ, ಕಲ್ಕತ್ತಕ್ಕೆ ಬಂದಿದ್ದ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅವರ ಹಾಡನ್ನು ಮುದ್ರಿಸಿಕೊಂಡಿದ್ದ. ಅವರ ಅನೇಕ ಹಾಡುಗಳ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವ ದನಿ ಕೇಳಿಸುತ್ತದೆ. ಅದು ಜಂಬವಲ್ಲ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು.

ಆಗ ಮೈಕ್ ಇರಲಿಲ್ಲ. ವಿದ್ಯುತ್ ಮೈಕಿನ ಮುದ್ರಣ ಶುರುವಾಗಿದ್ದು 1925ರ ಸುಮಾರಿಗೆ. ಅದಕ್ಕೂ ಮೊದಲು ಗಾಯಕರು ದೊಡ್ಡ ಕೊಳವೆಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಗೆ ಒಂದು ತೆಳು ಪೊರೆ ಅದುರಿ, ಅದಕ್ಕೆ ಅಂಟಿದ ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಹೀಗೆ ಹಿಡಿಯಲು ಸಾಧ್ಯವಾಗುತ್ತಿದ್ದುದು ಸುಮಾರು 250ರಿಂದ 2,500 ಹರ್ಟ್ಸ್ ನಡುವಿನ ಸದ್ದು ಮಾತ್ರ. ತಬಲಾದ ಎಡಗೈ ಗುಮುಕು ಅದಕ್ಕಿಂತ ಕೆಳಗೆ, ‘ಸ’ಕಾರದ ಸೀಟಿಯಂಥ ಸದ್ದು ಅದಕ್ಕಿಂತ ಮೇಲೆ. ಎರಡೂ ಮೇಣಕ್ಕೆ ಸರಿಯಾಗಿ ಇಳಿಯಲೇ ಇಲ್ಲ. 1893ರದ್ದು ಎನ್ನುವ ಕ್ಲಿಪ್‌ನಲ್ಲಿ ‘ಸಿಸ್ಟರ್ಸ್’ ಎಂಬ ಮಾತು ಗರಿಗರಿಯಾಗಿ ಕೇಳಿದರೆ ಅಲ್ಲೇ ಅನುಮಾನ ಪಡಬೇಕು.

ರೀಮಾಸ್ಟರ್ ಮಾಡುವವರ ಕೆಲಸ ಇಲ್ಲದ್ದನ್ನು ಸೃಷ್ಟಿಸುವುದಲ್ಲ. ಉಳಿದ ಪ್ರತಿಗಳಲ್ಲಿ ಕಡಿಮೆ ಸವೆದದ್ದನ್ನು ಹುಡುಕಬೇಕು, ತೊಳೆಯಬೇಕು, ಆ ಗೆರೆಗೆ ಹೊಂದುವ ಸೂಜಿ ಇಡಬೇಕು. ಆಮೇಲೆಯೇ ಕಂಪ್ಯೂಟರ್. ಅಮೆರಿಕದ ಬ್ಲೂಸ್ ಹಾಡುಗಾರ ಚಾರ್ಲಿ ಪ್ಯಾಟನ್ 1929ರಲ್ಲಿ ಪ್ಯಾರಾಮೌಂಟ್ ಕಂಪನಿಗೆ ಹಾಡಿದ. ಕುರ್ಚಿ ತಯಾರಿಸುವ ಸಂಸ್ಥೆಯೊಂದರ ಅಂಗ ಅದು. ತಟ್ಟೆಯ ಗುಣಮಟ್ಟ ಅಷ್ಟಕ್ಕಷ್ಟೇ. ಲೋಹದ ಮೂಲ ಅಚ್ಚುಗಳು ಗುಜರಿಗೆ ಹೋದವು. ಈಗಿನ ‘ಹೊಸ’ ಪ್ಯಾಟನ್ ಸಂಗ್ರಹಗಳೆಲ್ಲ ಜನರ ಮನೆಗಳಲ್ಲಿ ಉಳಿದಿದ್ದ ಸವೆದ ತಟ್ಟೆಗಳಿಂದ ತೆಗೆದದ್ದು. ಎಷ್ಟು ತೊಳೆದರೂ ಮಳೆ ಸುರಿದಂಥ ಸದ್ದು ಉಳಿದೇ ಉಳಿಯುತ್ತದೆ. ಅದನ್ನು ಪೂರ್ತಿ ಅಳಿಸಲು ಹೋದರೆ ಹಾಡಿನ ವ್ಯಂಜನಗಳೂ ಜೊತೆಗೆ ಹೋಗುತ್ತವೆ.

ಇನ್ನು ವೇಗದ ತಕರಾರು. ‘78 ಸುತ್ತು’ ಎಂದು ಕರೆಯುತ್ತಿದ್ದರೂ ಆಗಿನ ತಟ್ಟೆಗಳು 70ರಿಂದ 80ರ ಆಸುಪಾಸಿನಲ್ಲಿ ಏನೇನೋ ವೇಗದಲ್ಲಿ ಮುದ್ರಣವಾಗಿವೆ. ವೇಗ ತಪ್ಪಿದರೆ ಶ್ರುತಿಯೇ ಬೇರೆಯಾಗುತ್ತದೆ. ಫ್ರಾನ್ಸಿನ ಸ್ಕಾಟ್ 1860ರಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಗೀಚಿಸಿದ್ದ ದನಿಯನ್ನು 2008ರಲ್ಲಿ ಕಂಪ್ಯೂಟರಿನಿಂದ ಕೇಳಿಸಿದಾಗ ಹೆಣ್ಣುದನಿ ಎಂದುಕೊಂಡರು. ಎರಡು ಪಟ್ಟು ವೇಗದಲ್ಲಿ ಓಡಿಸಿದ್ದು ಆಮೇಲೆ ತಿಳಿಯಿತು. ಹಾಡಿದ್ದು ಗಂಡಸು, ಬಹುಶಃ ಸ್ಕಾಟ್ ತಾನೇ!

ಈಗಿನ ಎಐ ತಂತ್ರ ಕಳೆದುಹೋದ ಸದ್ದನ್ನು ಊಹಿಸಿ ತುಂಬಬಲ್ಲದು. ಕೇಳಲು ಇಂಪು, ನಿಜ. ಆದರೆ ತುಂಬಿದ ಭಾಗ ಆ ಗಾಯಕಿಯ ಗಂಟಲಿನದಲ್ಲ. ಹಾಗೆ ಮಾಡಿದವರು ಅದನ್ನು ಹೇಳಿಬಿಟ್ಟರೆ ತಕರಾರಿಲ್ಲ. ಹೇಳದೆ ‘ಅಸಲಿ’ ಎಂದರೆ ಅದು ಮೋಸವೇ.

ಬಾಳಗಡಿ, ಕೊಪ್ಪ, ಎನ್.ಆರ್.ಪುರದ ಕಡೆಯ ಹಳೆ ಮನೆಗಳ ಅಟ್ಟದಲ್ಲಿ ಇಂಥ ತಟ್ಟೆಗಳು ಸಿಕ್ಕರೆ ಒಂದು ಎಚ್ಚರಿಕೆ. ನಮ್ಮ ಮಳೆಗಾಲದ ತೇವಕ್ಕೆ ಅವುಗಳ ಮೇಲೆ ಬೂಷ್ಟು ಬರುವುದು ಸಹಜ. ‘ಸ್ಪಿರಿಟ್ ಹಾಕಿ ಒರೆಸಿ’ ಎಂಬ ಸಲಹೆಯನ್ನು ಮಾತ್ರ ಕೇಳಬೇಡಿ. ಈ ತಟ್ಟೆಗಳು ಅರಗು ಮತ್ತು ಕಲ್ಲಿನ ಪುಡಿ ಬೆರೆಸಿ ಮಾಡಿದವು. ಬಡಗಿಗಳು ಪಾಲಿಶ್‌ಗೆಂದು ಸ್ಪಿರಿಟ್‌ನಲ್ಲಿ ಕರಗಿಸುವುದೂ ಇದೇ ಅರಗನ್ನು. ಒರೆಸಿದಿರೋ, ಗೆರೆಯ ಜೊತೆ ಹಾಡೂ ಹೋಯಿತು. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ನಡುವಿನ ಲೇಬಲ್ ಒದ್ದೆ ಮಾಡದೆ, ಅದರ ಅಂಚಿನಲ್ಲಿ ಕೊರೆದಿರುವ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿ. ಹಾಡು ಯಾವುದು, ಯಾವಾಗ ಮುದ್ರಣವಾಯಿತು ಎಂದು ಪತ್ತೆಹಚ್ಚುವವರು ಮೊದಲು ಕೇಳುವುದು ಆ ಸಂಖ್ಯೆಯನ್ನೇ.