ಅರ್ಧ ಮನೆಗೆ ಪೂರ್ತಿ ಬಾಡಿಗೆ



ಬೇಸಿಗೆ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಜಲ್ಲಿ, ಎಂ ಸ್ಯಾಂಡ್ ರಾಶಿ ಬೀಳುತ್ತವೆ. 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. ಹಳೆಯ ಮನೆಗೆ ಇನ್ನೊಂದು ಮಹಡಿ ಏರಿಸಿ, ಬಚ್ಚಲು ಒಡೆದು ಟೈಲ್ಸ್ ಹಾಕಿಸುವ ಆಸೆ ಮಾಲೀಕರಿಗೆ ಸಹಜ. ಮಾಡಿಸಲಿ, ಮನೆ ಅವರದು. ಆದರೆ ಕೆಲಸ ನಡೆಯುವಷ್ಟೂ ದಿನ ಅದೇ ಸೂರಿನಡಿ ಇರುವ ಬಾಡಿಗೆಯ ಸಂಸಾರದ ಪಾಡೇನು?

ಬಸವೇಶ್ವರನಗರದ ಓದುಗರೊಬ್ಬರು ನಮಗೆ ಬರೆದಿದ್ದಾರೆ. ಎರಡು ಕೋಣೆಯ ಮನೆ. ತಾರಸಿಯ ಗಾರೆ ಕೆತ್ತಲೆಂದು ಒಂದು ಕೋಣೆಯನ್ನು ಐವತ್ತು ದಿನ ಖಾಲಿ ಮಾಡಿಸಿದರಂತೆ. ಸಂಪಿನ ನೀರೆಲ್ಲ ಕ್ಯೂರಿಂಗಿಗೆ ಹೋಗಿ, ಕುಡಿಯುವುದಕ್ಕೂ ಸ್ನಾನಕ್ಕೂ ದುಡ್ಡು ಕೊಟ್ಟು ನೀರು ತರಿಸಿಕೊಂಡರಂತೆ. ಬಾಡಿಗೆ ಮಾತ್ರ ಒಂದು ರೂಪಾಯಿಯೂ ಇಳಿಯಲಿಲ್ಲ. ‘ಮಾಲೀಕರು ದಿನವೂ ಇಷ್ಟಲಿಂಗ ಪೂಜೆ ಮಾಡುವವರು, ನಾವೂ ಶರಣ ಧರ್ಮದವರು. ಕೇಳಲು ಬಾಯಿ ಬರಲಿಲ್ಲ’ ಎಂದು ಪತ್ರ ಮುಗಿಸಿದ್ದಾರೆ. ನನ್ನನ್ನು ಕಾಡಿದ್ದು ಈ ಕೊನೆಯ ಮಾತು. ಒಂದೇ ಧರ್ಮದವರೆಂಬ ಸಲಿಗೆಯಿಂದ ಕೇಳುವುದು ಸುಲಭವಾಗಬೇಕಿತ್ತು, ಇಲ್ಲಿ ಕಷ್ಟವಾಗಿದೆ.

ಕಾನೂನಿನ ಆಸರೆ ತೆಳು. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಈಗ ಆ ಮೊತ್ತಕ್ಕೆ ಯಾವ ಮನೆ ಸಿಗುತ್ತದೆ? ಉಳಿದವರಿಗೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ ಗತಿ. ಬಾಡಿಗೆ ಸರಿಯಾಗಿ ಕೊಡುವವನು ಅಡ್ಡಿಯಿಲ್ಲದೆ ಮನೆಯಲ್ಲಿರಬೇಕು ಎನ್ನುತ್ತದೆ ಅದರ 108ನೇ ಕಲಂ. ಮಾಲೀಕ ತಾನು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದೂ ಅಲ್ಲಿದೆ. ಆದರೆ ರಿಪೇರಿ ನಡೆಯುವಾಗ ಬಾಡಿಗೆ ಎಷ್ಟು ಇಳಿಯಬೇಕೆಂಬ ಲೆಕ್ಕ ಅದರಲ್ಲಿಲ್ಲ. 1966ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕಲ್ಕತ್ತೆಯ ಒಂದು ಪ್ರಕರಣ ಬಂದಿತ್ತು. ಕರಾರಿನಂತೆ ಕೊಡಬೇಕಾದ ಮೂರು ಮಲಗುವ ಕೋಣೆಗಳಲ್ಲಿ ಒಂದನ್ನು ಮಾಲೀಕರು ಕೊಟ್ಟೇ ಇರಲಿಲ್ಲ. ಪೂರ್ತಿ ಬಾಡಿಗೆಯನ್ನು ತಡೆಹಿಡಿಯುವುದನ್ನು ನ್ಯಾಯಾಲಯ ಒಪ್ಪಲಿಲ್ಲ. ಸಿಕ್ಕಷ್ಟು ಮನೆಗೆ ಅದರ ಪಾಲಿನಷ್ಟು ಬಾಡಿಗೆ ಕೊಡಲಿ ಎಂದಿತು. ಅದು ರಿಪೇರಿಯ ಪ್ರಕರಣವಲ್ಲ. ಆದರೂ ಒಳಗಿನ ನ್ಯಾಯ ಒಂದೇ.

ನಮಗಂತೂ ಕೋರ್ಟಿಗಿಂತ ಹಳೆಯ ಅಳತೆಯೊಂದಿದೆ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಲಕ್ಕಮ್ಮ ತಾಯಿ ಅದನ್ನು ತಂದಲ್ಲಿಗೇ ಸುರಿದು ಬರಲು ಕಳಿಸಿದರು. ಅದು ಯಾರ ಕೈಯಿಂದ ಕಿತ್ತುಕೊಂಡ ಅಕ್ಕಿಯಲ್ಲ, ನೆಲಕ್ಕೆ ಬಿದ್ದದ್ದು. ಹಾಗಿದ್ದೂ ಅಂದಿನ ಕಾಯಕಕ್ಕೆ ಮೀರಿತ್ತು. ಬೀಗ ಹಾಕಿದ ಕೋಣೆಗೆ ಬಾಡಿಗೆ ಎಣಿಸಿಕೊಂಡು, ಅದರಲ್ಲೇ ದಾಸೋಹಕ್ಕೆ ಅಕ್ಕಿ ಮೂಟೆ ಕಳಿಸುವವರು ಆ ತಾಯಿಗೆ ಏನೆಂದು ಉತ್ತರ ಹೇಳುತ್ತಾರೆ?

ಮಾಲೀಕರೆಲ್ಲ ಸಿರಿವಂತರಲ್ಲ ಎಂಬುದನ್ನು ಬಲ್ಲೆ. ನಿವೃತ್ತರಾದ ಎಷ್ಟೋ ಹಿರಿಯರಿಗೆ ಬಾಡಿಗೆಯೇ ಪಿಂಚಣಿ, ಮೇಲೆ ಮಹಡಿಯ ಸಾಲದ ಕಂತು. ಆದರೆ ಆ ಮಹಡಿಯ ಬಾಡಿಗೆ ನಾಳೆ ಬರುವುದು ಅವರಿಗೇ. ಅದರ ಧೂಳನ್ನು ಇಂದು ಕುಡಿಯುವ ಸಂಸಾರಕ್ಕೆ ಅದರಲ್ಲಿ ಪಾಲಿಲ್ಲ. ಬಹಳ ಸಲ ಕೆಲಸ ಮುಗಿದ ಮೇಲೆ ಅವರ ಬಾಡಿಗೆಯೇ ಏರುತ್ತದೆ!

ಬಾಡಿಗೆದಾರರಿಗೂ ಒಂದು ಮಾತು. ಸಿಟ್ಟಿಗೆದ್ದು ಬಾಡಿಗೆಯನ್ನೇ ನಿಲ್ಲಿಸಬೇಡಿ. ಬಾಕಿದಾರರೆನಿಸಿಕೊಂಡರೆ ನ್ಯಾಯ ನಿಮ್ಮ ಕಡೆಗಿದ್ದರೂ ಕೇಸು ಕೆಡುತ್ತದೆ. ಯಾವ ದಿನದಿಂದ ಯಾವ ಕೋಣೆ ಸಿಗಲಿಲ್ಲ, ನೀರಿಗೆ ಎಷ್ಟು ಖರ್ಚಾಯಿತು ಎಂಬುದನ್ನು ಬರೆದಿಟ್ಟು, ಫೋಟೊ ತೆಗೆದು, ಮಾಲೀಕರಿಗೆ ಕಾಗದದಲ್ಲೇ ತಿಳಿಸಿ. ಭೋಗ್ಯಕ್ಕೆ ಇರುವವರು ತಿಂಗಳ ಬಾಡಿಗೆಯನ್ನೇ ಕೊಡುವುದಿಲ್ಲವಲ್ಲ, ಅವರಿಗೆ ಇಳಿಸುವುದೇನು ಎಂದು ಕೆಲವರು ಕೇಳುತ್ತಾರೆ. ಹೋದಷ್ಟು ದಿನವನ್ನು ಅವಧಿಗೆ ಸೇರಿಸಿ ಕೊಡಬಹುದು.

ಈ ಕೆಲಸ ಮೊದಲಾಗಬೇಕಾದದ್ದು ನಮ್ಮ ಮಠಗಳಿಂದ, ಸಮಾಜದ ಟ್ರಸ್ಟುಗಳಿಂದ. ಮನೆ, ಮಳಿಗೆ ಬಾಡಿಗೆಗೆ ಕೊಟ್ಟಿರುವ ಸಂಸ್ಥೆಗಳು ಮುಂದಿನ ಹನ್ನೊಂದು ತಿಂಗಳ ಕರಾರು ಬರೆಸುವಾಗ ಮೂರು ಸಾಲು ಸೇರಿಸಲಿ: ಕೆಲಸಕ್ಕೆ ಒಂದು ತಿಂಗಳು ಮೊದಲೇ ತಿಳಿಸುತ್ತೇವೆ, ಬಳಸಲಾಗದ ಭಾಗದ ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಬಿಡುತ್ತೇವೆ, ನೀರು ಶೌಚಾಲಯ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳುತ್ತೇವೆ. ಹಾಗೆ ಬರೆಸಿದ ಮಠಗಳು ಕರಾರಿನ ಪ್ರತಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.